ವೇಷ, ದೇಹ, ಅರ್ಹತೆ: ಅಂಬೋಪಾಖ್ಯಾನ ಮತ್ತು ಮಹಿಳಾ ಕ್ರೀಡೆಯ ವಿವಾದ

1

ತಾಳಗುಪ್ಪ ಸೀಮೆಯಲ್ಲಿ ‘ಆಟ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಕಟ್ಟಿ ಆಡುವ ಯಕ್ಷಗಾನವೂ ಆಟ; ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಆಡುವ ಕಬಡ್ಡಿ, ಖೊಖೊಗಳೂ ಆಟ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜನರಿಗೆ ಈ ಎರಡರ ನಡುವೆ ಗೊಂದಲವೇನೂ ಆಗುವುದಿಲ್ಲ. ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆ. ಆದರೆ ಎರಡೂ ಆಟಗಳಲ್ಲಿ ಆಟ ಆರಂಭವಾಗುವ ಮೊದಲೇ ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದೇ: ಯಾರು ಆಡಬಹುದು? ಯಾವ ಪಾತ್ರವನ್ನು, ಯಾವ ವಿಭಾಗದಲ್ಲಿ?

ಮಹಿಳೆಯರ ಮತ್ತು ಬಾಲಕಿಯರ ಕ್ರೀಡೆಯಲ್ಲಿ ದೈಹಿಕ ಲಿಂಗವನ್ನು ಅರ್ಹತೆಯ ಆಧಾರವಾಗಿ ಇರಿಸಿಕೊಳ್ಳಬೇಕೆ, ಇರಿಸಿಕೊಳ್ಳುವುದಾದರೆ ಅದನ್ನು ಹೇಗೆ ನಿರ್ಧರಿಸಬೇಕು ಎಂಬ ವಿವಾದ ಜಗತ್ತಿನಾದ್ಯಂತ ಕಾವೇರಿದೆ. ಕನ್ನಡದ ಸಾಂಸ್ಕೃತಿಕ ಚರ್ಚೆಯಲ್ಲಿ ಈ ಪ್ರಶ್ನೆ ಬಂದಾಗ ಉತ್ತರಕ್ಕೆ ಪುರಾಣದ ಕಡೆ ಕೈಚಾಚುವುದು ಸಹಜವೆನಿಸಿದೆ. ಅರ್ಧನಾರೀಶ್ವರ, ಬೃಹನ್ನಳೆ, ಶಿಖಂಡಿ, ಯಕ್ಷಗಾನದ ಸ್ತ್ರೀವೇಷ, ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂಬ ಜೇಡರ ದಾಸಿಮಯ್ಯನ ನಿಲುವು ಇವೆಲ್ಲ ಒಂದು ಪಕ್ಷಕ್ಕೆ ಸಾಕ್ಷಿಯಾಗಿ ನಿಲ್ಲುತ್ತವೆ. ಇನ್ನೊಂದು ಪಕ್ಷವು ಇವನ್ನು ಕಥೆಗಳೆಂದು ತಳ್ಳಿಹಾಕಿ ಶರೀರಶಾಸ್ತ್ರವೊಂದೇ ಸಾಕೆನ್ನುತ್ತದೆ. ಎರಡೂ ಕಡೆಯವರು ಒಂದು ಕೆಲಸವನ್ನು ಬಾಕಿ ಉಳಿಸಿದ್ದಾರೆ. ಆ ಕಥೆಗಳು ಅರ್ಹತೆಯ ಬಗ್ಗೆ ನಿಜವಾಗಿ ಏನು ಹೇಳುತ್ತವೆ ಎಂದು ಓದಿ ನೋಡಿಲ್ಲ. ಆ ಓದನ್ನು ನಡೆಸಿ, ಅದರಿಂದ ಕ್ರೀಡೆಯ ವಿವಾದಕ್ಕೆ ದೊರೆಯುವ ಬೆಳಕೆಷ್ಟು, ಆ ಬೆಳಕಿನ ಮಿತಿ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ರಂಗಸ್ಥಳದ ಅರ್ಹತೆಯನ್ನು ಗಮನಿಸಬಹುದು. ಯಕ್ಷಗಾನದ ವೃತ್ತಿಮೇಳಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ನಿರ್ವಹಿಸುತ್ತ ಬಂದರು. ತೆಂಕುತಿಟ್ಟಿನ ಕೋಳ್ಯೂರು ರಾಮಚಂದ್ರ ರಾವ್, ಬಡಗುತಿಟ್ಟಿನ ಮಂಟಪ ಪ್ರಭಾಕರ ಉಪಾಧ್ಯಾಯ ಮೊದಲಾದ ಕಲಾವಿದರು ಸ್ತ್ರೀವೇಷವನ್ನು ಸ್ವತಂತ್ರ ಸಾಧನೆಯ ಎತ್ತರಕ್ಕೆ ಒಯ್ದವರು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಪುರುಷನಾಗಿದ್ದವನು ರಂಗಸ್ಥಳಕ್ಕೆ ಬಂದಾಗ ಸೀತೆಯೋ ದಾಕ್ಷಾಯಿಣಿಯೋ ಅಂಬೆಯೋ ಆಗುತ್ತಾನೆ. ಇಲ್ಲಿ ಅರ್ಹತೆಯನ್ನು ನಿರ್ಧರಿಸುವುದು ಬೆಡಗು, ಮಾತು, ಹೆಜ್ಜೆ, ಭಾವ. ಸಭಿಕರು ಒಪ್ಪಿದರೆ ವೇಷ ಗೆದ್ದಿತು. ವೇಷದ ಹಿಂದಿನ ದೇಹ ಯಾವುದೆಂಬುದು ಎಲ್ಲರಿಗೂ ತಿಳಿದಿರುತ್ತದೆ, ಆದರೆ ಅದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ರಸವೇ ಪ್ರಯೋಜನವಾದ ಕಲೆಯಲ್ಲಿ ಇದು ಯುಕ್ತವೂ ಆಗಿದೆ.

ಈ ಉದಾರತೆಯನ್ನು ಕೊಂಡಾಡುವಾಗ ಅದರ ಇನ್ನೊಂದು ಮುಖ ಮರೆಯಾಗುತ್ತದೆ. ಗಂಡು ಹೆಣ್ಣಾಗಬಹುದಾಗಿದ್ದ ಅದೇ ಮೇಳದಲ್ಲಿ ಹೆಣ್ಣಿಗೆ ಬಹುಕಾಲ ಸ್ಥಾನವಿರಲಿಲ್ಲ. ಗಂಡುವೇಷ ಹಾಗಿರಲಿ, ಹೆಣ್ಣಿನ ವೇಷವನ್ನೂ ಹೆಣ್ಣು ಕಟ್ಟುವಂತಿರಲಿಲ್ಲ. ಅಂದರೆ ಲಿಂಗದ ಗಡಿಯನ್ನು ದಾಟುವ ಸ್ವಾತಂತ್ರ್ಯ ಒಮ್ಮುಖವಾಗಿತ್ತು. ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಭಾಗವತಿಕೆಗೆ ಕುಳಿತದ್ದು ಇತಿಹಾಸದ ಘಟನೆಯೆನಿಸಿದ್ದು ಈ ಕಾರಣದಿಂದಲೇ. ಮಹಿಳಾ ಯಕ್ಷಗಾನ ತಂಡಗಳು ಪ್ರತ್ಯೇಕವಾಗಿ ಹುಟ್ಟಿಕೊಂಡುದಕ್ಕೂ ಇದೇ ಕಾರಣ. ತಾಳಗುಪ್ಪದಿಂದ ದೂರವಿಲ್ಲದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿ ಹೆಣ್ಣುಗಂಡುಗಳಿಬ್ಬರಿಗೂ ಒಂದೇ ರಂಗದ ಮೇಲೆ ತರಬೇತಿ ನೀಡಿತು. ಆಧುನಿಕ ರಂಗಭೂಮಿಗೆ ಇದು ಸಾಧ್ಯವಾಯಿತು. ಏಕೆಂದರೆ ಅಲ್ಲಿ ಒಬ್ಬರ ಅಭಿನಯ ಇನ್ನೊಬ್ಬರ ಅಭಿನಯವನ್ನು ಸೋಲಿಸಬೇಕಾಗಿಲ್ಲ.

ಹೀಗೆ ರಂಗಸ್ಥಳದ ಸಾಕ್ಷ್ಯವು ಎರಡು ಅಲಗಿನದು. ವೇಷವು ದೇಹವನ್ನು ಮೀರಬಲ್ಲದೆಂದು ಅದು ತೋರಿಸುತ್ತದೆ. ಪ್ರತ್ಯೇಕವಾದ ಅವಕಾಶವನ್ನು ಕಲ್ಪಿಸದೆ ಹೋದಲ್ಲಿ ಆ ಮೀರುವಿಕೆಯ ಲಾಭ ಯಾರಿಗೆ ಸಲ್ಲುತ್ತದೆಂಬುದನ್ನೂ ತೋರಿಸುತ್ತದೆ. ಮೊದಲನೆಯದನ್ನು ಮಾತ್ರ ಉದ್ಧರಿಸಿ ಎರಡನೆಯದನ್ನು ಬಿಡುವುದು ವಿಮರ್ಶೆಗೆ ಸಲ್ಲದು.

3

ಪುರಾಣದ ಸಾಕ್ಷ್ಯ ಇದಕ್ಕಿಂತ ಜಟಿಲವಾದುದು. ‘ಭೀಷ್ಮ ವಿಜಯ’ ಪ್ರಸಂಗವನ್ನು ಬಲ್ಲ ಮಲೆನಾಡಿನ ಪ್ರೇಕ್ಷಕರಿಗೆ ಅಂಬೆ ಪರಿಚಿತೆ. ಕಾಶೀರಾಜನ ಹಿರಿಯ ಮಗಳು. ಸ್ವಯಂವರದಲ್ಲಿ ಭೀಷ್ಮನಿಂದ ಅಪಹೃತೆ. ಸಾಲ್ವನಿಗೂ ಬೇಡವಾಗಿ, ಭೀಷ್ಮನಿಗೂ ಬೇಡವಾಗಿ, ಪರಶುರಾಮನ ಸಹಾಯವೂ ಫಲಿಸದೆ ನಿಂತವಳು. ಯಕ್ಷಗಾನದ ಒತ್ತು ಆಕೆಯ ಅಳಲಿನ ಮೇಲೆ, ಗುರುಶಿಷ್ಯರ ಕಾಳಗದ ಮೇಲೆ. ವ್ಯಾಸಭಾರತದ ಉದ್ಯೋಗಪರ್ವದ ಕೊನೆಯ ಭಾಗದಲ್ಲಿ ಬರುವ ಅಂಬೋಪಾಖ್ಯಾನವು ಮುಂದಕ್ಕೆ ಹೋಗಿ ಶಿಖಂಡಿಯ ಕಥೆಯನ್ನು ಹೇಳುತ್ತದೆ. ಅರ್ಹತೆಯ ಪ್ರಶ್ನೆ ತಲೆಯೆತ್ತುವುದು ಅಲ್ಲಿ.

ಯುದ್ಧದ ಹೊಸ್ತಿಲಲ್ಲಿ ದುರ್ಯೋಧನನು ಶಿಖಂಡಿಯನ್ನು ಏಕೆ ಕೊಲ್ಲುವುದಿಲ್ಲವೆಂದು ಕೇಳಿದಾಗ ಭೀಷ್ಮನು ಈ ಉಪಾಖ್ಯಾನವನ್ನು ನಿರೂಪಿಸುತ್ತಾನೆ. ಕೊನೆಯಲ್ಲಿ ಅವನು ತನ್ನ ವ್ರತವನ್ನು ನಾಲ್ಕು ಉಪಾಧಿಗಳಲ್ಲಿ ವಿವರಿಸುತ್ತಾನೆ. ಹೆಣ್ಣಿನ ಮೇಲೆ, ಹಿಂದೆ ಹೆಣ್ಣಾಗಿದ್ದವರ ಮೇಲೆ, ಹೆಣ್ಣಿನ ಹೆಸರುಳ್ಳವರ ಮೇಲೆ, ಹೆಣ್ಣಿನ ರೂಪವುಳ್ಳವರ ಮೇಲೆ ತಾನು ಬಾಣ ಬಿಡುವುದಿಲ್ಲವೆಂಬುದು ಅದರ ತಾತ್ಪರ್ಯ. ಈ ನಾಲ್ಕು ಉಪಾಧಿಗಳನ್ನು ಸಾಮಾನ್ಯವಾಗಿ ಒಂದೇ ಮಾತಿನ ಪುನರುಕ್ತಿಯೆಂಬಂತೆ ಓದಲಾಗುತ್ತದೆ. ವಾಸ್ತವವಾಗಿ ಅವು ನಾಲ್ಕು ಬೇರೆಬೇರೆ ಮಾನದಂಡಗಳು: ಇಂದಿನ ದೇಹ, ಹುಟ್ಟಿದಾಗಿನ ದೇಹ, ಹೆಸರು, ತೋರಿಕೆ. ಇಪ್ಪತ್ತೊಂದನೆಯ ಶತಮಾನದ ಕ್ರೀಡಾ ಸಂಸ್ಥೆಗಳು ಒಂದಾದ ಮೇಲೊಂದರಂತೆ ಪರೀಕ್ಷಿಸಿ ನೋಡುತ್ತಿರುವ ಮಾನದಂಡಗಳೂ ಬಹುಮಟ್ಟಿಗೆ ಇವೇ. ಭೀಷ್ಮನು ನಾಲ್ಕನ್ನೂ ಒಟ್ಟಿಗೆ ಹಿಡಿದುಕೊಂಡದ್ದರಿಂದ ಅವನಿಗೆ ಅವುಗಳ ನಡುವಣ ವಿರೋಧ ತೊಡಕಾಗಲಿಲ್ಲ. ಒಂದನ್ನು ಆರಿಸಬೇಕಾದವರಿಗೆ ತೊಡಕಾಗುತ್ತದೆ.

ಉಪಾಖ್ಯಾನದಲ್ಲಿ ಇನ್ನೂ ಮುಖ್ಯವಾದೊಂದು ಪ್ರಕರಣವಿದೆ. ದ್ರುಪದನ ಮಗಳಾಗಿ ಹುಟ್ಟಿದ ಶಿಖಂಡಿಯನ್ನು ಗಂಡೆಂದೇ ಬೆಳೆಸಿ ದಶಾರ್ಣದ ದೊರೆ ಹಿರಣ್ಯವರ್ಮನ ಮಗಳೊಡನೆ ವಿವಾಹ ಮಾಡುತ್ತಾರೆ. ಸತ್ಯ ಬಯಲಾಗಿ ಹಿರಣ್ಯವರ್ಮ ಯುದ್ಧಕ್ಕೆ ನಿಲ್ಲುತ್ತಾನೆ. ಸಾಯಲೆಂದು ಕಾಡಿಗೆ ಹೋದ ಶಿಖಂಡಿಗೆ ಸ್ಥೂಣಾಕರ್ಣನೆಂಬ ಯಕ್ಷ ತನ್ನ ಪುರುಷತ್ವವನ್ನು ಕೊಟ್ಟು ಆಕೆಯ ಸ್ತ್ರೀತ್ವವನ್ನು ತಾನು ಪಡೆಯುತ್ತಾನೆ. ಅನಂತರ ಹಿರಣ್ಯವರ್ಮನು ಶಿಖಂಡಿ ಗಂಡೋ ಹೆಣ್ಣೋ ತಿಳಿದುಬರಲೆಂದು ತರುಣಿಯರನ್ನು ಕಳುಹಿಸುತ್ತಾನೆ. ಅವರ ವರದಿಯಿಂದ ಅವನು ಸಮಾಧಾನ ಹೊಂದುತ್ತಾನೆ. ಭೀಷ್ಮನಿಗಾದರೋ ಈ ಸಂಗತಿಯೆಲ್ಲ ತಿಳಿದದ್ದು ಕುರುಡರು, ಕಿವುಡರು, ಜಡರೆಂಬ ಸೋಗಿನಲ್ಲಿ ದ್ರುಪದನ ಮನೆಯಲ್ಲಿ ಅವನು ಇರಿಸಿದ್ದ ಗೂಢಚಾರರಿಂದ. ವಿರಾಟಪರ್ವದಲ್ಲಿಯೂ ಇಂಥದೇ ಪ್ರಸಂಗವಿದೆ. ಬೃಹನ್ನಳೆಯನ್ನು ಕನ್ಯಾಂತಃಪುರಕ್ಕೆ ಬಿಡುವ ಮುನ್ನ ವಿರಾಟನು ಹೆಂಗಸರಿಂದ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳುತ್ತಾನೆ.

ಆದುದರಿಂದ ಭಾರತೀಯ ಪರಂಪರೆಯಲ್ಲಿ ಲಿಂಗವೆಂಬುದು ಯಾವ ಗಡಿಯೂ ಇಲ್ಲದ ದ್ರವಸ್ಥಿತಿಯಾಗಿತ್ತು ಎಂಬ ಮಾತಿಗೆ ಮಹಾಭಾರತ ಪೂರ್ಣ ಆಧಾರ ಕೊಡುವುದಿಲ್ಲ. ರೂಪಾಂತರವನ್ನು ಒಪ್ಪುವ ಅದೇ ಕಾವ್ಯದಲ್ಲಿ ಪರೀಕ್ಷೆಯೂ ಇದೆ, ಗೂಢಚರ್ಯೆಯೂ ಇದೆ. ವಿವಾಹಕ್ಕೆ ಒಂದು ಅರ್ಹತೆ, ಅಂತಃಪುರಕ್ಕೆ ಒಂದು, ಯುದ್ಧಕ್ಕೆ ಇನ್ನೊಂದು. ಹಿರಣ್ಯವರ್ಮನಿಗೆ ಇಂದಿನ ದೇಹ ಸಾಕಾಯಿತು, ಭೀಷ್ಮನಿಗೆ ಹುಟ್ಟು ಮುಖ್ಯವಾಯಿತು. ಒಬ್ಬನೇ ಶಿಖಂಡಿ ಒಂದು ಕಡೆ ಗಂಡೆಂದು ತೇರ್ಗಡೆಯಾಗಿ ಇನ್ನೊಂದು ಕಡೆ ಹೆಣ್ಣೆಂದು ಎಣಿಸಲ್ಪಡುತ್ತಾನೆ. ಕಾವ್ಯವು ಇವರಲ್ಲಿ ಯಾರೊಬ್ಬರೂ ಸುಳ್ಳೆಂದು ಹೇಳುವುದಿಲ್ಲ. ಯಾವ ಪ್ರಯೋಜನಕ್ಕಾಗಿ ಕೇಳಲಾಗುತ್ತಿದೆಯೆಂಬುದರ ಮೇಲೆ ಉತ್ತರ ಬದಲಾಗುತ್ತದೆಂಬುದು ಉಪಾಖ್ಯಾನದ ಒಳನೋಟ.

ಇಲ್ಲಿಯೇ ಭೀಷ್ಮನ ನಿಯಮದ ದೋಷವೂ ಕಾಣುತ್ತದೆ. ದುರ್ಬಲರ ಮೇಲೆ ಶಸ್ತ್ರವೆತ್ತಬಾರದೆಂಬುದು ಆ ವ್ರತದ ಮೂಲ ಆಶಯ. ಶಿಖಂಡಿಯಾದರೋ ದುರ್ಬಲನಲ್ಲ, ಪಾಂಡವಪಕ್ಷದ ಹೆಸರಾಂತ ರಥಿಕ. ಆಶಯದಿಂದ ಬೇರ್ಪಟ್ಟ ನಿಯಮವು ಅವನನ್ನು ಮುಂದಿರಿಸಿಕೊಂಡ ಅರ್ಜುನನಿಗೆ ಗುರಾಣಿಯಾಯಿತು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಪ್ರಮೀಳೆಯ ಸ್ತ್ರೀರಾಜ್ಯಕ್ಕೆ ಯಜ್ಞಾಶ್ವದ ಹಿಂದೆ ಬಂದ ಅರ್ಜುನನಿಗೂ ಹೆಣ್ಣಿನೊಡನೆ ಕಾದುವುದು ಹೇಗೆಂಬ ಸಂಕೋಚ ಎದುರಾಗುತ್ತದೆ. ಅಲ್ಲಿ ಅದು ವಿವಾಹದಲ್ಲಿ ಪರಿಹಾರವಾಗುತ್ತದೆ. ಎರಡು ಕಡೆಯೂ ಹೆಣ್ಣು ಸ್ಪರ್ಧಿಯಲ್ಲ, ವಿನಾಯಿತಿಗೆ ಪಾತ್ರಳಾದವಳು. ಕ್ರೀಡೆಯ ಮಹಿಳಾ ವಿಭಾಗದ ಕಲ್ಪನೆ ಇದಕ್ಕೆ ತೀರ ವಿರುದ್ಧವಾದುದು. ಅದು ಹೆಣ್ಣನ್ನು ಸ್ಪರ್ಧೆಯಿಂದ ಉಳಿಸುವುದಕ್ಕಾಗಿ ಹುಟ್ಟಿದುದಲ್ಲ, ಹೆಣ್ಣಿಗೆ ಸ್ಪರ್ಧಿಸಿ ಗೆಲ್ಲುವ ಅವಕಾಶ ಕೊಡುವುದಕ್ಕಾಗಿ ಹುಟ್ಟಿದುದು. ಪುರಾಣದ ಹೋಲಿಕೆ ನಿಲ್ಲಬೇಕಾದ ಗಡಿ ಇದು.

4

ಆ ಅವಕಾಶ ತಾನಾಗಿ ಬಂದುದಲ್ಲ. 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಸ್ಥಾನವಿರಲಿಲ್ಲ. ಓಟ, ಜಿಗಿತ, ಎಸೆತದ ಸ್ಪರ್ಧೆಗಳಿಗೆ ಅವರು ಬಂದದ್ದು 1928ರ ಆಮ್ಸ್ಟರ್‌ಡ್ಯಾಮ್ ಕೂಟದಲ್ಲಿ. ಅಲ್ಲಿ ನಡೆದ 800 ಮೀಟರ್ ಓಟವು ಹೆಣ್ಣಿನ ದೇಹಕ್ಕೆ ತಡೆಯಲಾರದ್ದೆಂದು ಹೇಳಿ ಕೈಬಿಡಲಾಯಿತು. ಅದು ಮರಳಿದ್ದು 1960ರಲ್ಲಿ. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್ ಸೇರಿದ್ದು 1984ರಲ್ಲಿ.

ವಿಭಾಗ ಹುಟ್ಟಿದೊಡನೆ ಅದರ ಬಾಗಿಲಲ್ಲಿ ಕಾವಲೂ ಹುಟ್ಟಿತು. 1966ರಲ್ಲಿ ಬುಡಾಪೆಸ್ಟಿನ ಐರೋಪ್ಯ ಕೂಟದಲ್ಲಿ ಓಟಗಾರ್ತಿಯರು ವೈದ್ಯರೆದುರು ಬತ್ತಲೆ ನಿಲ್ಲಬೇಕಾಯಿತು. ಈ ಅವಮಾನಕ್ಕೆ ಪ್ರತಿಭಟನೆ ಬಂದಾಗ 1968ರಿಂದ ಒಲಿಂಪಿಕ್ಸ್‌ನಲ್ಲಿ ವರ್ಣತಂತು ಪರೀಕ್ಷೆ ಜಾರಿಗೆ ಬಂತು. ಪರೀಕ್ಷೆ ಸಭ್ಯವಾಯಿತೇ ಹೊರತು ನಿರ್ದುಷ್ಟವಾಗಲಿಲ್ಲ. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮಾರಿಯಾ ಹೋಸೆ ಮಾರ್ಟಿನೆಸ್ ಪಾಟಿನ್ಯೋ 1985ರಲ್ಲಿ ಕೋಬೆಯ ವಿಶ್ವವಿದ್ಯಾಲಯ ಕೂಟದಲ್ಲಿ ಈ ಪರೀಕ್ಷೆಯಿಂದಾಗಿ ಹೊರಬಿದ್ದಳು. ಆಕೆಯ ವರ್ಣತಂತುಗಳು ಪುರುಷಮಾದರಿಯವಾಗಿದ್ದರೂ ದೇಹವು ಪುರುಷ ಹಾರ್ಮೋನಿಗೆ ಸ್ಪಂದಿಸುವಂಥದಾಗಿರಲಿಲ್ಲ. ಪದಕ, ವಿದ್ಯಾರ್ಥಿವೇತನ, ಸ್ನೇಹಸಂಬಂಧಗಳನ್ನು ಕಳೆದುಕೊಂಡ ಆಕೆ ಹೋರಾಡಿ 1988ರಲ್ಲಿ ಅರ್ಹತೆಯನ್ನು ಮರಳಿ ಪಡೆದಳು. 1996ರ ಅಟ್ಲಾಂಟಾ ಕೂಟದಲ್ಲಿ ಎಂಟು ಮಂದಿ ಕ್ರೀಡಾಪಟುಗಳಲ್ಲಿ ವೈ ವರ್ಣತಂತುವಿನ ಜೀನ್ ಕಂಡುಬಂದರೂ ಎಂಟೂ ಮಂದಿಗೆ ಸ್ಪರ್ಧಿಸಲು ಅವಕಾಶವಾಯಿತು. 1999ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಎಲ್ಲರಿಗೂ ಕಡ್ಡಾಯವಾಗಿದ್ದ ಪರೀಕ್ಷೆಯನ್ನು ಕೈಬಿಟ್ಟಿತು. ಅನುಮಾನ ಬಂದವರನ್ನು ಮಾತ್ರ ಪರೀಕ್ಷಿಸುವ ಪದ್ಧತಿ ಉಳಿಯಿತು. ಅನುಮಾನವೆಂದರೆ ತೋರಿಕೆ, ಭೀಷ್ಮನ ನಾಲ್ಕನೆಯ ಉಪಾಧಿ.

ಈ ಪದ್ಧತಿಯ ಭಾರವನ್ನು ಹೊತ್ತವರಲ್ಲಿ ಇಬ್ಬರು ಭಾರತೀಯರು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಇಟ್ಟಿಗೆ ಗೂಡಿನ ಕಾರ್ಮಿಕರ ಮಗಳು ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದು, ಪರೀಕ್ಷೆಯ ಬಳಿಕ ಅದನ್ನು ಕಳೆದುಕೊಂಡಳು. ದೇಹದ ಅತ್ಯಂತ ಖಾಸಗಿ ಸಂಗತಿ ಪತ್ರಿಕೆಗಳ ಸುದ್ದಿಯಾಯಿತು. ಒಡಿಶಾದ ನೇಕಾರ ಕುಟುಂಬದ ದ್ಯುತಿ ಚಾಂದ್‌ಳನ್ನು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟಕ್ಕೆ ಮುನ್ನ ತಂಡದಿಂದ ಕೈಬಿಡಲಾಯಿತು. ಆಕೆ ಲೌಸಾನಿನ ಕ್ರೀಡಾ ಪಂಚಾಯತಿ ನ್ಯಾಯಾಲಯಕ್ಕೆ ಹೋದಳು. ಸಹಜವಾಗಿ ಹೆಚ್ಚಿದ ಟೆಸ್ಟೊಸ್ಟೆರಾನ್‌ನಿಂದ ಆಗುವ ಲಾಭವೆಷ್ಟೆಂದು ಸಾಕಷ್ಟು ಸಾಬೀತಾಗಿಲ್ಲವೆಂದು ಹೇಳಿ ನ್ಯಾಯಾಲಯವು 2015ರ ಜುಲೈನಲ್ಲಿ ನಿಯಮವನ್ನು ಅಮಾನತಿನಲ್ಲಿರಿಸಿತು. 2018ರಲ್ಲಿ ಬಂದ ಹೊಸ ನಿಯಮ 400 ಮೀಟರಿನಿಂದ ಒಂದು ಮೈಲಿಯವರೆಗಿನ ಓಟಗಳಿಗೆ ಸೀಮಿತವಾಯಿತು. ದಕ್ಷಿಣ ಆಫ್ರಿಕದ ಕ್ಯಾಸ್ಟರ್ ಸೆಮೆನ್ಯಾ ಅದನ್ನು ಪ್ರಶ್ನಿಸಿದಾಗ, ನಿಯಮವು ತಾರತಮ್ಯದ್ದೇ ಆದರೂ ಮಹಿಳಾ ವಿಭಾಗವನ್ನು ಉಳಿಸಿಕೊಳ್ಳಲು ಅಗತ್ಯವೆಂದು ಅದೇ ನ್ಯಾಯಾಲಯ 2019ರಲ್ಲಿ ಬಹುಮತದ ತೀರ್ಪು ನೀಡಿತು. 2025ರ ಜುಲೈನಲ್ಲಿ ಐರೋಪ್ಯ ಮಾನವಹಕ್ಕುಗಳ ನ್ಯಾಯಾಲಯದ ಮಹಾಪೀಠವು ಆಕೆಯ ಅಹವಾಲಿನ ವಿಚಾರಣೆ ಸ್ವಿಟ್ಜರ್ಲೆಂಡಿನಲ್ಲಿ ತಕ್ಕಷ್ಟು ಕೂಲಂಕಷವಾಗಿ ನಡೆಯಲಿಲ್ಲವೆಂದಿತು. ನಿಯಮ ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸಲಿಲ್ಲ.

ಈ ನಡುವೆ ಟ್ರಾನ್ಸ್‌ಜೆಂಡರ್ ಮಹಿಳೆಯರ ಪ್ರಶ್ನೆ ಪ್ರತ್ಯೇಕವಾಗಿ ಬೆಳೆಯಿತು. ಪುರುಷ ಪ್ರೌಢಾವಸ್ಥೆಯನ್ನು ದಾಟಿದವರಿಗೆ ಮಹಿಳಾ ವಿಭಾಗದಲ್ಲಿ ಅವಕಾಶವಿಲ್ಲವೆಂದು ಈಜಿನ ವಿಶ್ವಸಂಸ್ಥೆ 2022ರಲ್ಲಿ, ಅಥ್ಲೆಟಿಕ್ಸ್‌ನ ವಿಶ್ವಸಂಸ್ಥೆ 2023ರಲ್ಲಿ ನಿರ್ಣಯಿಸಿದವು. 2025ರ ಸೆಪ್ಟೆಂಬರ್ 1ರಿಂದ ಅಥ್ಲೆಟಿಕ್ಸ್‌ನ ವಿಶ್ವಮಟ್ಟದ ಮಹಿಳಾ ಸ್ಪರ್ಧೆಗಳಿಗೆ ವೈ ವರ್ಣತಂತುವಿನ ಎಸ್‌ಆರ್‌ವೈ ಜೀನ್ ಪರೀಕ್ಷೆ ಜೀವನದಲ್ಲೊಮ್ಮೆ ಕಡ್ಡಾಯವಾಯಿತು. 1999ರಲ್ಲಿ ಬಿಟ್ಟ ದಾರಿ ಹೊಸ ರೂಪದಲ್ಲಿ ಮರಳಿತು.

5

ಎರಡು ಪಕ್ಷಗಳ ವಾದಗಳನ್ನು ಅವುಗಳ ಬಲದಲ್ಲಿಯೇ ನೋಡುವುದು ಅಗತ್ಯ. ವಿಭಾಗವನ್ನು ದೈಹಿಕ ಲಿಂಗದ ಮೇಲೆ ನಿಲ್ಲಿಸಬೇಕೆನ್ನುವವರ ಮುಖ್ಯ ಆಧಾರ ಅಳತೆಯದು. ಪುರುಷರ 100 ಮೀಟರ್ ವಿಶ್ವದಾಖಲೆ 9.58 ಸೆಕೆಂಡು, ಮಹಿಳೆಯರದು 10.49. ಪುರುಷರ 800 ಮೀಟರ್ ದಾಖಲೆ 1 ನಿಮಿಷ 40.91 ಸೆಕೆಂಡು, ಮಹಿಳೆಯರದು 1 ನಿಮಿಷ 53.28. ಸ್ಥೂಲವಾಗಿ ಶೇಕಡಾ 10ರಿಂದ 12ರ ಈ ಅಂತರ ಬಾಲ್ಯದಲ್ಲಿ ಅಲ್ಪ. ಪ್ರೌಢಾವಸ್ಥೆಯಲ್ಲಿ ಎತ್ತರ, ಎಲುಬು, ಸ್ನಾಯು, ಹಿಮೋಗ್ಲೋಬಿನ್‌ಗಳ ಬೆಳವಣಿಗೆಯೊಡನೆ ಅದು ದೊಡ್ಡದಾಗುತ್ತದೆ. ಅಥ್ಲೆಟಿಕ್ಸ್ ಸಂಸ್ಥೆ ನೀಡಿದ ಲೆಕ್ಕದಂತೆ ಹೆಂಗಸರ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಲೀಟರಿಗೆ 0.12ರಿಂದ 1.79 ನ್ಯಾನೋಮೋಲ್, ಗಂಡಸರಲ್ಲಿ 7.7ರಿಂದ 29.4. ಹಾರ್ಮೋನನ್ನು ತಗ್ಗಿಸಿದಾಗ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಇಳಿದರೂ ಸ್ನಾಯುಬಲ ನಿಧಾನವಾಗಿ, ಸ್ವಲ್ಪವೇ ಕುಗ್ಗುತ್ತದೆ. ಎತ್ತರ, ಎಲುಬುಗಳು ಬದಲಾಗುವುದಿಲ್ಲ. ಅಂತಿಮ ಸ್ಪರ್ಧೆಯ ಎಂಟು ಪಥಗಳಲ್ಲಿ ಒಂದನ್ನು ಕಳೆದುಕೊಳ್ಳುವ ಹುಡುಗಿಗೂ ಒಂದು ಜೀವನವಿದೆ, ಆಕೆಯ ನಷ್ಟ ಕಣ್ಣಿಗೆ ಕಾಣದು ಎಂಬ ಅವರ ಮಾತು ತೂಕದ್ದು.

ಒಳಗೊಳ್ಳುವಿಕೆಯ ಪಕ್ಷದವರ ವಾದವೂ ಹಗುರವಲ್ಲ. ಹಾರ್ಮೋನು ತಗ್ಗಿಸಿದ ಮೇಲಿನ ಅಧ್ಯಯನಗಳು ಬಹುಪಾಲು ಕ್ರೀಡಾಪಟುಗಳಲ್ಲದವರ ಮೇಲೆ ನಡೆದವು. ಬಿಲ್ಲುಗಾರಿಕೆಗೂ ಭಾರ ಎತ್ತುವಿಕೆಗೂ ಒಂದೇ ಅಳತೆ ಸಲ್ಲುವುದೆಂದು ಮೊದಲೇ ಹೇಳಲಾಗದು. ಎಲ್ಲ ಶ್ರೇಷ್ಠ ಕ್ರೀಡಾಪಟುಗಳ ದೇಹಗಳೂ ಒಂದಲ್ಲ ಒಂದು ರೀತಿಯಲ್ಲಿ ಅಸಾಧಾರಣವೇ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು 2014ರ ತೀರ್ಪಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಸಮಾನ ಘನತೆಯ ಪ್ರಜೆಗಳೆಂದು ಮಾನ್ಯಮಾಡಿದೆ. ಆಟದ ಬಯಲಿನಿಂದ ದೂರವಿಡುವುದೂ ಸಮಾಜದಿಂದ ದೂರವಿಡುವುದರ ಒಂದು ರೂಪವೇ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ 2021ರ ಚೌಕಟ್ಟು ಸಾಕ್ಷ್ಯವಿಲ್ಲದೆ ಲಾಭವನ್ನು ಊಹಿಸಬಾರದೆಂದು ಹೇಳಿದ್ದು ಈ ವಾದದ ಬಲದಿಂದಲೇ.

ಈ ಎರಡು ವಾದಗಳ ನಡುವೆ ತೀರ್ಪು ಕೊಡುವ ಮೊದಲು ಅಂಬೋಪಾಖ್ಯಾನ ಕಲಿಸಿದ ಪ್ರಶ್ನೆಯನ್ನು ಕೇಳಬೇಕು: ಯಾವ ಪ್ರಯೋಜನಕ್ಕಾಗಿ? ಪ್ರೌಢ ಮಟ್ಟದ ಓಟದ ಅಂತಿಮ ಸ್ಪರ್ಧೆಯ ಪ್ರಯೋಜನ ಗೆಲುವಿನ ನಿರ್ಣಯ. ಅಲ್ಲಿ ಓಡುವುದು ದೇಹ. ಆತ್ಮದ ಬಗೆಗಿನ ವಚನಕಾರನ ಸತ್ಯವನ್ನು ಅಲ್ಲಿಗೆ ತಂದರೆ ವಚನಕ್ಕೂ ನ್ಯಾಯವಾಗುವುದಿಲ್ಲ, ಓಟಕ್ಕೂ ಆಗುವುದಿಲ್ಲ. ದೇಹವನ್ನು ಆಧರಿಸಿ ವಿಭಾಗಿಸುವುದು ಸ್ವತಃ ಅವಮಾನವಲ್ಲವೆಂಬುದಕ್ಕೆ ವಿಕಲಚೇತನರ ಕ್ರೀಡೆ ಸಾಕ್ಷಿ. 2001ರಲ್ಲಿ ಪದ್ಮಶ್ರೀ ಪಡೆದ ಕರ್ನಾಟಕದ ಮಾಲತಿ ಹೊಳ್ಳರು ಸ್ಪರ್ಧಿಸಿದ ಆ ಕ್ಷೇತ್ರದಲ್ಲಿ ದೇಹದ ವರ್ಗೀಕರಣವೇ ಸ್ಪರ್ಧೆಯನ್ನು ಸಾಧ್ಯವಾಗಿಸುತ್ತದೆ. ಆದರೆ ಹತ್ತು ವರ್ಷದ ಮಕ್ಕಳ ಶಾಲಾ ಆಟದ ಪ್ರಯೋಜನ ಬೇರೆ. ಅಲ್ಲಿ ದೈಹಿಕ ಅಂತರವೂ ಅಲ್ಪ, ಪದಕಕ್ಕಿಂತ ಒಡನಾಟ ಮುಖ್ಯ. ಮೊದಲನೆಯದರ ನಿಯಮವನ್ನು ಎರಡನೆಯದಕ್ಕೆ ಹೇರುವುದೂ, ಎರಡನೆಯದರ ಸಡಿಲವನ್ನು ಮೊದಲನೆಯದಕ್ಕೆ ಒಯ್ಯುವುದೂ ಭೀಷ್ಮನ ತಪ್ಪಿನ ಪುನರಾವೃತ್ತಿ. ಎರಡೂ ಕಡೆ ನಿಯಮವು ಆಶಯದಿಂದ ಬೇರ್ಪಡುತ್ತದೆ.

6

ಕನ್ನಡದ ಚರ್ಚೆಗೆ ಭಾಷೆಯದೇ ಆದ ಒಂದು ತೊಡಕಿದೆ. ‘ಲಿಂಗ’ವೆಂಬ ಒಂದೇ ಪದ ಶರೀರದ ಲಕ್ಷಣವನ್ನೂ ಸಾಮಾಜಿಕ ಗುರುತನ್ನೂ ವ್ಯಾಕರಣದ ವಿಭಾಗವನ್ನೂ ಸೂಚಿಸುತ್ತದೆ. ಈಚಿನ ದಶಕಗಳಲ್ಲಿ ‘ಲಿಂಗತ್ವ’, ‘ಲಿಂಗತ್ವ ಅಲ್ಪಸಂಖ್ಯಾತರು’, ‘ಅಂತರ್ಲಿಂಗಿ’ ಮೊದಲಾದ ಪದಗಳು ಬಳಕೆಗೆ ಬಂದು ಈ ಭೇದವನ್ನು ಸ್ವಲ್ಪಮಟ್ಟಿಗೆ ಸ್ಪಷ್ಟಪಡಿಸಿವೆ. ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದೂ 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದುದೂ ಆ ಪದಗಳಿಗೆ ಮಾನವೀಯ ಮುಖವನ್ನು ಕೊಟ್ಟವು. ಕ್ರೀಡಾಸುದ್ದಿಯ ಭಾಷೆಯಾದರೋ ಹಿಂದೆಯೇ ಉಳಿದಿದೆ. ಓಟಗಾರ್ತಿಯೊಬ್ಬಳು ‘ಲಿಂಗ ಪರೀಕ್ಷೆಯಲ್ಲಿ ಅನುತ್ತೀರ್ಣಳಾದಳು’ ಎಂಬ ಮಾತು ಹುಟ್ಟನ್ನೇ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲಿಸುತ್ತದೆ. ಉದ್ದೀಪನ ಮದ್ದು ಸೇವಿಸಿದವರು ನಿಯಮ ಮುರಿದವರು. ಅಂತರ್ಲಿಂಗಿ ದೇಹದಿಂದ ಹುಟ್ಟಿದವಳು ಯಾವ ನಿಯಮವನ್ನೂ ಮುರಿದವಳಲ್ಲ. ‘ಈ ವಿಭಾಗಕ್ಕೆ ಅರ್ಹಳಲ್ಲ’ ಎಂಬುದಕ್ಕೂ ‘ಹೆಣ್ಣಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಭಾಷೆ ಕಾಯದೆ ಹೋದರೆ ನಿಯಮ ಎಷ್ಟೇ ಸಮರ್ಪಕವಾಗಿದ್ದರೂ ಅದರ ಹೊಡೆತ ವ್ಯಕ್ತಿಯ ಮೇಲೆ ಬೀಳುತ್ತದೆ.

ಅಂತರ್ಲಿಂಗಿ ಮಹಿಳೆಯರ ಪ್ರಶ್ನೆಯನ್ನೂ ಟ್ರಾನ್ಸ್‌ಜೆಂಡರ್ ಮಹಿಳೆಯರ ಪ್ರಶ್ನೆಯನ್ನೂ ಒಂದೇ ಎಂಬಂತೆ ಬರೆಯುವುದು ಇನ್ನೊಂದು ದೋಷ. ಶಾಂತಿ, ದ್ಯುತಿ ಹುಟ್ಟಿನಿಂದ ಹೆಣ್ಣುಮಕ್ಕಳೆಂದೇ ಬೆಳೆದವರು. ಪರೀಕ್ಷೆ ಹೇಳುವವರೆಗೆ ಅವರಿಗೆ ಬೇರೊಂದು ಗುರುತಿರಲಿಲ್ಲ. ಪರೀಕ್ಷೆಯ ಕಾರಣವನ್ನು ತನಗೆ ಮೊದಲೇ ಸರಿಯಾಗಿ ತಿಳಿಸಿರಲಿಲ್ಲವೆಂಬುದು ದ್ಯುತಿಯ ದೂರಾಗಿತ್ತು.

7

ತಾಳಗುಪ್ಪ ಹೋಬಳಿಯ ಶಾಲಾ ಕ್ರೀಡಾಕೂಟಕ್ಕೆ ಈ ಅಂತಾರಾಷ್ಟ್ರೀಯ ವ್ಯಾಜ್ಯ ಬಹುದೂರದ್ದೆಂದು ತೋರಬಹುದು. ಅಲ್ಲಿ ನೋಡುವುದು ಜನ್ಮದಿನಾಂಕದ ದಾಖಲೆಯನ್ನು, ಕಬಡ್ಡಿಯಾದರೆ ತೂಕವನ್ನು. ಉಳಿದುದನ್ನು ದೈಹಿಕ ಶಿಕ್ಷಕರು ಶಾಲೆಯ ದಾಖಲೆಯಿಂದಲೇ ಒಪ್ಪುತ್ತಾರೆ. ಆದರೆ ಹೋಬಳಿಯಿಂದ ತಾಲ್ಲೂಕಿಗೆ, ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಏರುವ ಏಣಿ ಇದೇ ಬಯಲಿನಿಂದ ಆರಂಭವಾಗುತ್ತದೆ. ಅದರ ಕೊನೆಯ ಮೆಟ್ಟಿಲಲ್ಲಿ ಈಗ ಜೀನ್ ಪರೀಕ್ಷೆಯಿದೆ. ಅಡಿಕೆ ತೋಟದ ಕೂಲಿಯವರ ಮಗಳಾಗಲಿ, ಶರಾವತಿ ಹಿನ್ನೀರಿನಾಚೆಯ ಹಳ್ಳಿಯಿಂದ ನಡೆದು ಬರುವ ಹುಡುಗಿಯಾಗಲಿ ಆ ಮೆಟ್ಟಿಲನ್ನು ತಲುಪಿದಾಗ ಆಕೆಗೆ ಏನು ಹೇಳಲಾಗುತ್ತದೆ, ಯಾವ ಭಾಷೆಯಲ್ಲಿ, ಯಾರ ಎದುರು? ಫಲಿತಾಂಶವನ್ನು ಯಾರು ನೋಡುತ್ತಾರೆ? ಅನಿರೀಕ್ಷಿತ ಉತ್ತರ ಬಂದರೆ ತಜ್ಞವೈದ್ಯರ ಸಲಹೆ, ಮರುಪರಿಶೀಲನೆ, ಮನೆಯವರಿಗೆ ತಿಳುವಳಿಕೆ ಇವುಗಳ ವೆಚ್ಚ ಯಾರದು? ಪಾಟಿನ್ಯೋಳಂತೆ ಪರೀಕ್ಷೆಯನ್ನು ಪ್ರಶ್ನಿಸುವ ಶಕ್ತಿ ಆಕೆಗಿರುವುದಿಲ್ಲ. ದ್ಯುತಿಗೆ ದೊರೆತ ವಕೀಲರ ನೆರವು ಶಾಂತಿಗೆ ಎಂಟು ವರ್ಷ ಮುಂಚೆ ದೊರೆತಿರಲಿಲ್ಲವೆಂಬುದೇ ಇದಕ್ಕೆ ನಿದರ್ಶನ.

ಇದೇ ಬಯಲಿನಲ್ಲಿ ಇನ್ನೊಬ್ಬ ಹುಡುಗಿಯೂ ಇದ್ದಾಳೆ. ಬಾಲಕಿಯರ ವಿಭಾಗವೊಂದು ಇರುವುದರಿಂದಲೇ ಆಕೆಗೆ ಗೆಲ್ಲುವ ಆಸೆ ಸಾಧ್ಯವಾಗಿದೆ. ಆ ವಿಭಾಗದ ಅರ್ಥ ಸಡಿಲವಾದರೆ ದೂರು ಹೇಳುವ ಸ್ಥಿತಿಯಲ್ಲಿ ಆಕೆಯೂ ಇರುವುದಿಲ್ಲ. ಮೂರನೆಯದಾಗಿ, ತನ್ನ ಗುರುತನ್ನು ಈಗಷ್ಟೇ ಕಂಡುಕೊಳ್ಳುತ್ತಿರುವ, ಆಟದ ಬಯಲಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದ ಮಗುವೂ ಇದೆ. ಅದಕ್ಕೆ ಪದಕದ ಪಥ ದೊರೆಯದಿದ್ದರೂ ಆಟದ ಬಯಲು ದೊರೆಯಲೇಬೇಕು. ಮೂವರಲ್ಲಿ ಒಬ್ಬರನ್ನು ಮಾತ್ರ ಕಾಣುವ ವಾದ ಅಪೂರ್ಣ.

ಈ ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ವೇಷದ ಸತ್ಯದಿಂದ ಓಟದ ಅರ್ಹತೆಯನ್ನು ನಿರ್ಣಯಿಸಲಾಗದು. ಯಕ್ಷಗಾನದ ಸ್ತ್ರೀವೇಷವನ್ನು ಈ ವಿವಾದಕ್ಕೆ ಪ್ರಮಾಣವಾಗಿ ಬಳಸುವುದು ಎರಡು ಆಟಗಳ ಪ್ರಯೋಜನಗಳನ್ನು ಕಲಸುವ ತಪ್ಪು. ದೇಹಬಲವೇ ಫಲಿತಾಂಶವನ್ನು ನಿರ್ಧರಿಸುವ ಪ್ರೌಢ ಸ್ಪರ್ಧೆಗಳಲ್ಲಿ ದೇಹಾಧಾರಿತ ವಿಭಾಗಕ್ಕೆ ಸಕಾರಣವಿದೆ. ಆದರೆ ಆ ಕಾರಣವು ಯಾವ ಬಗೆಯ ಪರೀಕ್ಷೆಗೂ ಪರವಾನಗಿಯಾಗುವುದಿಲ್ಲ. ವಿಭಾಗ ನ್ಯಾಯವಾದದ್ದೆಂದು ಸಾಧಿಸಿದ ಮಾತ್ರಕ್ಕೆ ಅದರ ಕಾವಲೂ ನ್ಯಾಯವಾದದ್ದೆಂದು ಸಾಧಿಸಿದಂತಾಗದು. 1966ರಿಂದ ಈಚಿನ ಚರಿತ್ರೆ ಈ ಎರಡರ ನಡುವಣ ಕಂದರದ ಚರಿತ್ರೆ.

ಹಿರಣ್ಯವರ್ಮನ ತರುಣಿಯರು ವರದಿ ಒಪ್ಪಿಸಿ ಹಿಂದಿರುಗಿದ ಮೇಲೆ ದಶಾರ್ಣದ ದೊರೆಗೆ ಸಂತೋಷವಾಯಿತೆಂದು ಉಪಾಖ್ಯಾನ ಹೇಳುತ್ತದೆ. ಕಾಡಿಗೆ ಸಾಯಲು ಹೋಗಿ ಬದುಕಿ ಬಂದ ಶಿಖಂಡಿಗೆ ಆ ಪರೀಕ್ಷೆ ಹೇಗಿತ್ತೆಂದು ಯಾರೂ ಕೇಳಿದಂತಿಲ್ಲ. ನಿಯಮ ಮಾಡುವವರು, ಅದನ್ನು ಜಾರಿಗೆ ತರುವವರು, ಅದರ ಬಗ್ಗೆ ಬರೆಯುವವರು ಇನ್ನಾದರೂ ಆ ಪ್ರಶ್ನೆಯನ್ನು ಕೇಳಬೇಕಾಗಿದೆ.